ಕೆರೆ ಮೂಲೆಯ ಜೌಗಿನಲ್ಲಿ ಸಾವಿರ ಸಸಿ ನೆಡ್ತಾರಂತೆ. ಬೇಡ ಅನ್ನೋದು ಹೇಗೆ?

ಹೊಂಗೆ ನೆರಳು · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಸಣ್ಣ ಕೆರೆ. ಹೆಸರು ಬೇಡ, ಜಗಳ ಇನ್ನೂ ನಡೆಯುತ್ತಿದೆ. ಒಂದು ಕಡೆ ಏರಿ, ಮೂರು ಕಡೆ ಮನೆ, ಸುತ್ತ ತಂತಿ ಬೇಲಿ. ನಾಲ್ಕು ವರ್ಷದಿಂದ ನಾವು ಹತ್ತು ಹನ್ನೆರಡು ಜನ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಪ್ಲಾಸ್ಟಿಕ್ ಆಯುತ್ತೇವೆ, ಪಾರ್ಥೇನಿಯಂ ಕೀಳುತ್ತೇವೆ, ಸಸಿಗಳಿಗೆ ನೀರು ಹಾಕುತ್ತೇವೆ, ಆಮೇಲೆ ಗೇಟಿನ ಎದುರು ಕಾಫಿ. ಹತ್ತು ಹನ್ನೆರಡು ಅಂತ ಬರೆದೆ. ಮಳೆ ಬಂದರೆ ನಾಲ್ಕು.

ಎರಡು ವರ್ಷದ ಹಿಂದೆ ಪರಿಸರ ದಿನಕ್ಕೆ ಒಂದು ಕಂಪನಿಯವರು ಬಸ್ಸಿನಲ್ಲಿ ಬಂದರು. ಹಸಿರು ಟೀ ಶರ್ಟ್, ಬ್ಯಾನರ್, ಇಡ್ಲಿ ವಡೆ. ಇನ್ನೂರು ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಹೋದರು. ಅರ್ಧಕ್ಕರ್ಧ ಸಸಿಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತ ಗುಂಡಿಗೆ ಇಳಿಸಿದ್ದರು. ಅದು ನಮಗೆ ಗೊತ್ತಾಗಿದ್ದು ಮಾರ್ಚ್‌ನಲ್ಲಿ, ಒಣಗಿದ್ದನ್ನು ಕಿತ್ತಾಗ.

ಈಗ ಇನ್ನೊಂದು ಕಂಪನಿ ಬಂದಿದೆ. ಈ ಸಲ ಸಾವಿರ ಸಸಿ. ಜಾಗ ಯಾವುದು ಗೊತ್ತಾ? ನೀರು ಒಳಗೆ ಬರುವ ಮೂಲೆಯ ಜೌಗು. ಅದರ ಜೊತೆಗೆ ಕೆರೆ ಸುತ್ತ ಪೇವರ್ ಹಾದಿ, ದೀಪದ ಕಂಬ. ನಿವಾಸಿಗಳ ಸಂಘದವರಿಗೆ ಖುಷಿಯೋ ಖುಷಿ. "ಆ ಮೂಲೆ ಖಾಲಿ ಬಿದ್ದಿದೆ, ಸುಮ್ನೆ ಜೊಂಡು ಬೆಳೆದು ಸೊಳ್ಳೆ, ಹಾವು ಸೇರಿಕೊಂಡಿವೆ" ಅನ್ನುತ್ತಾರೆ. ನಮ್ಮ ಗುಂಪಿನಲ್ಲೇ ಈಗ ಎರಡು ಪಕ್ಷ. ಗಿಡ ನೆಡುವುದು ಬೇಡ ಅಂದರೆ ನಾವೇ ಪರಿಸರ ವಿರೋಧಿಗಳು ಅನ್ನಿಸಿಕೊಳ್ಳುತ್ತೇವೆ. ಏನು ಹೇಳೋದು?

ಗುಳುಮುಳುಕ · ಸೋಮವಾರ ರಾತ್ರಿ

ಖಾಲಿ ಅಂತ ಅಂದವರನ್ನು ಒಂದು ದಿನ ಬೆಳಿಗ್ಗೆ ಆರೂವರೆಗೆ ಅಲ್ಲಿ ನಿಲ್ಲಿಸಿ. ಮಾತಾಡಬೇಡಿ ಅಂತ ಹೇಳಿ ಅಷ್ಟೇ. ನೇರಳೆ ಜಂಬುಕೋಳಿ ಜೊಂಡಿನಿಂದ ಹೊರಗೆ ಬರುತ್ತದೆ. ನಾಮದ ಕೋಳಿ ಮರಿಗಳ ಜೊತೆ ಬರುತ್ತದೆ. ನನ್ನ ಹೆಸರಿನ ಹಕ್ಕಿ ಗೂಡು ಕಟ್ಟುವುದೂ ಅಂಥ ಕಡೆಯೇ, ನೀರಿನ ಮೇಲೆ ತೇಲುವ ಗೂಡು.

ಕೆರೆಯಲ್ಲಿ ಮೊಣಕಾಲುದ್ದದ ನೀರು ಇರುವ ಜಾಗವೇ ಎಲ್ಲಕ್ಕಿಂತ ಬೆಲೆ ಬಾಳುವಂಥದ್ದು. ಕೊಕ್ಕರೆ, ಬಕ, ಗದ್ದೆಗೊರವ ಎಲ್ಲಕ್ಕೂ ಕಾಲೂರಲು ತಳ ಸಿಗಬೇಕು. ನಮ್ಮ ಊರಿನಲ್ಲಿ ಅಭಿವೃದ್ಧಿ ಅಂದರೆ ಹೂಳು ತೆಗೆದು ಕೆರೆಯನ್ನು ಸಾರಿನ ಬಟ್ಟಲಿನ ಥರ ಮಾಡುವುದು. ಅಂಚು ಕಡಿದಾಗಿ ಇಳಿದರೆ ನೀರುಕಾಗೆಗೆ, ಹೆಜ್ಜಾರ್ಲೆಗೆ ತೊಂದರೆ ಇಲ್ಲ. ಉಳಿದವು ಬೇರೆ ಊರು ನೋಡಿಕೊಳ್ಳಬೇಕು. ಅಲ್ಲಿ ಮರ ನೆಟ್ಟು ಅದು ಬದುಕಿದರೆ ಇನ್ನೂ ಕಷ್ಟ. ನೆರಳು ಬಿದ್ದ ಕಡೆ ಜೊಂಡು ಬರುವುದಿಲ್ಲ.

ಸೊಳ್ಳೆ ವಿಷಯ: ಡೆಂಗ್ಯೂ ಸೊಳ್ಳೆ ಜೊಂಡಿನಲ್ಲಿ ಹುಟ್ಟುವುದಿಲ್ಲ. ಅದು ಅವರ ಮನೆಯ ಡ್ರಮ್ಮಿನಲ್ಲಿ, ಹೂಕುಂಡದ ತಟ್ಟೆಯಲ್ಲಿ ಹುಟ್ಟುತ್ತದೆ. ಇನ್ನೊಂದು ಜಾತಿ ಕೊಳಚೆ ಮೋರಿಯಲ್ಲಿ ಮರಿ ಮಾಡುತ್ತದೆ. ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳು ಇರುವ ಜೌಗಿನಲ್ಲಿ ಸೊಳ್ಳೆಮರಿ ಉಳಿಯುವುದೇ ಕಷ್ಟ.

ಏರಿ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ

ಅಮ್ಮಾ, ಗುಳುಮುಳುಕ ಅವರು ಹೇಳಿದ್ದು ಸರಿ. ಆದರೆ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಕೆರೆ ಪ್ರಕೃತಿ ಮಾಡಿದ್ದಲ್ಲ. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆರೆಗಳೆಲ್ಲ ಜನ ಕಟ್ಟಿದ್ದು, ಗದ್ದೆಗೆ ನೀರು ಬೇಕು ಅಂತ. ಏರಿ ಹಾಕಿದರು, ತೂಬು ಇಟ್ಟರು, ಹೆಚ್ಚಾದ ನೀರಿಗೆ ಕೋಡಿ ಬಿಟ್ಟರು. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಅಂತ ನೋಡುವುದಕ್ಕೆ ನೀರುಗಂಟಿ ಇರುತ್ತಿದ್ದ. ನೀವು ಈಗ ಭಾನುವಾರ ಮಾಡುವ ಕೆಲಸವನ್ನು ಊರವರು ಬೇಸಿಗೆಯಲ್ಲಿ ಮಾಡುತ್ತಿದ್ದರು. ಹೂಳು ಎತ್ತಿ ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು, ಅದೇ ಗೊಬ್ಬರ.

ಇದನ್ನು ಯಾಕೆ ಹೇಳಿದೆ ಅಂದರೆ, ಕಂಪನಿಯವರು ಜೌಗು ಬಿಟ್ಟರೆ ಮುಂದೆ ಏರಿ ಮೇಲೆ ನೆಡುತ್ತೇವೆ ಅನ್ನುತ್ತಾರೆ. ಅದಕ್ಕೂ ಒಪ್ಪಬೇಡಿ. ಮಣ್ಣಿನ ಏರಿ ಮೇಲೆ ದೊಡ್ಡ ಮರ ಬೆಳೆಸಬಾರದು. ಮರ ಸತ್ತ ಮೇಲೆ ಬೇರು ಕೊಳೆತು ಒಳಗೆ ಕೊಳವೆ ಥರ ಜಾಗ ಬಿಡುತ್ತದೆ, ನೀರು ಅದೇ ದಾರಿ ಹಿಡಿಯುತ್ತದೆ. ಏರಿಗೆ ಹುಲ್ಲು ಸಾಕು. ಬೇಕಿದ್ದರೆ ಲಾವಂಚ ಹಾಕಿ.

ಅಂಕಿ ಸಂಖ್ಯೆ · ಮಂಗಳವಾರ ಮಧ್ಯಾಹ್ನ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ನಾನು ಸಂಘದವರ ಪರ ಮಾತಾಡುತ್ತೇನೆ, ಬೈದರೂ ಪರವಾಗಿಲ್ಲ.

ನಮ್ಮ ಅಪ್ಪನಿಗೆ 74. ಸ್ಟ್ರೋಕ್ ಆದ ಮೇಲೆ ಗಾಲಿಕುರ್ಚಿ. ನಮ್ಮ ಬಡಾವಣೆಯಲ್ಲಿ ಅವರನ್ನು ಕರೆದುಕೊಂಡು ಹೋಗುವುದಕ್ಕೆ ಇರುವುದು ಒಂದೇ ಒಂದು ಜಾಗ, ಕೆರೆ ದಂಡೆ. ಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಗಾಲಿ ಓಡುವುದಿಲ್ಲ. ಸಂಜೆ ಆರೂವರೆ ಮೇಲೆ ಕತ್ತಲು. ನನ್ನ ತಂಗಿ ಅಲ್ಲಿ ವಾಕಿಂಗ್ ಹೋಗುವುದನ್ನೇ ಬಿಟ್ಟಳು. ಹಕ್ಕಿಗೆ ದೀಪ ಬೇಡ, ಸರಿ. ಹೆಂಗಸರಿಗೆ ಬೇಡ್ವಾ? ಎಲ್ಲದಕ್ಕೂ ಬೇಡ ಅನ್ನುವವರ ಹತ್ತಿರ ಒಳ್ಳೆ ಕ್ಯಾಮೆರಾ ಇರುತ್ತದೆ, ಬೆಳಿಗ್ಗೆ ಐದಕ್ಕೆ ಕಾರಿನಲ್ಲಿ ಬರುತ್ತಾರೆ. ನಾನು ನೋಡಿದ್ದು ಹೇಳಿದೆ.

ಗುಳುಮುಳುಕ · ಮಂಗಳವಾರ ಮಧ್ಯಾಹ್ನ

ನನ್ನ ಹತ್ತಿರ ಕ್ಯಾಮೆರಾ ಇಲ್ಲ ಸ್ವಾಮಿ. ಅಣ್ಣನ ಹಳೆಯ ಬೈನಾಕ್ಯುಲರ್ ಇದೆ, ಒಂದು ಕಣ್ಣು ಕಾಣುವುದಿಲ್ಲ. 🙂

ಹೊಂಗೆ ನೆರಳು · ಮಂಗಳವಾರ ಸಂಜೆ

ಅಂಕಿ ಸಂಖ್ಯೆ ಅವರೇ, ನಿಮಗೆ ಯಾರೂ ಬೈಯುವುದಿಲ್ಲ. ನಮ್ಮ ಗುಂಪಿನ ಅರ್ಧ ಜನ ಇದೇ ಮಾತನ್ನು ಹೇಳುತ್ತಿದ್ದಾರೆ. ನಿಜ ಹೇಳಬೇಕೆಂದರೆ ಗಾಲಿಕುರ್ಚಿಯ ವಿಷಯ ನಾಲ್ಕು ವರ್ಷದಲ್ಲಿ ನನ್ನ ತಲೆಗೆ ಬಂದೇ ಇರಲಿಲ್ಲ.

ಜೆಪಿ ನಗರದ ದೋಸೆ · ಮಂಗಳವಾರ ರಾತ್ರಿ

ಪುಟ್ಟೇನಹಳ್ಳಿ ಕೆರೆ ನೋಡಿದ್ದೀರಾ? ಜೆಪಿ ನಗರ 7ನೇ ಹಂತ. ಹತ್ತಿರತ್ತಿರ 13 ಎಕರೆ, ಅಂದರೆ ನಿಮ್ಮದರಂತೆ ಸಣ್ಣದೇ. 2010ರಲ್ಲಿ ಅಕ್ಕಪಕ್ಕದವರೇ ಸೇರಿ ಟ್ರಸ್ಟ್ ಮಾಡಿದರು. 2011ರಲ್ಲಿ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ಕೆರೆಯ ಉಸ್ತುವಾರಿ ವಹಿಸಿಕೊಂಡರು. ಬೆಂಗಳೂರಿನಲ್ಲಿ ನಾಗರಿಕರ ಗುಂಪಿಗೆ ಹಾಗೆ ಕೆರೆ ಸಿಕ್ಕಿದ್ದು ಅದೇ ಮೊದಲು.

ಅವರ ತಲೆನೋವು ಗಿಡವಲ್ಲ, ನೀರು. ನೀರು ಬರುವ ಕಾಲುವೆಗಳ ಜಾಗದಲ್ಲಿ ಕಟ್ಟಡ ಎದ್ದಿದ್ದವು, ಬೇಸಿಗೆ ಬಂದರೆ ಕೆರೆ ಒಣಗುತ್ತಿತ್ತು. ಕೊನೆಗೆ ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಶುದ್ಧ ಮಾಡಿದ ನೀರನ್ನು ಕೆರೆಗೆ ತಿರುಗಿಸಿದರು. ಆ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತದಲ್ಲ, ಕಳೆ ಹುಚ್ಚೆದ್ದು ಬೆಳೆಯುತ್ತದೆ. ಅದಕ್ಕೆ ತೇಲುವ ತಟ್ಟೆಗಳ ಮೇಲೆ ಗಿಡ ಬೆಳೆಸಿದರು, ಬೇರು ನೀರಿನಲ್ಲಿ ಇಳಿಬಿದ್ದು ಆ ಸತ್ವ ಹೀರುತ್ತದೆ. ಇಂಥ ಕೆಲಸಕ್ಕೆ ಕಾಬಾಳೆ, ಲಾವಂಚ ಚೆನ್ನಾಗಿ ಒಗ್ಗುತ್ತವೆ. ಆ ಸಣ್ಣ ಕೆರೆಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಹಕ್ಕಿ ನೋಡಿದ್ದಾರೆ.

ಒಂದು ಎಚ್ಚರಿಕೆ. 2020ರಲ್ಲಿ, ಪಾಲಿಕೆ ಖಾಸಗಿಯವರ ಜೊತೆ ಕೆರೆ ಒಪ್ಪಂದ ಮಾಡಿಕೊಳ್ಳುವುದಕ್ಕೆ ಹೈಕೋರ್ಟ್ ತಡೆ ಹಾಕಿತು. ಗುರಿ ಕಂಪನಿಗಳು, ಬಿಸಿ ತಟ್ಟಿದ್ದು ಇಂಥ ನಾಗರಿಕ ಗುಂಪುಗಳಿಗೂ. ಅದಕ್ಕೇ ಕೇಳುತ್ತೇನೆ, ನಿಮ್ಮ ಕಂಪನಿ ಯಾರ ಅನುಮತಿ ಮೇಲೆ ಬರುತ್ತಿದೆ? ಕೆರೆ ಸರ್ಕಾರದ್ದು. ಸಂಘದ ಅಧ್ಯಕ್ಷರು ಹೂಂ ಅಂದರೆ ಆಗುವುದಿಲ್ಲ. ಪಾಲಿಕೆಯ ಕೆರೆ ವಿಭಾಗದಲ್ಲಿ ಯೋಜನೆಯ ನಕ್ಷೆ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ.

ಸೊಪ್ಪಿನ ಸಾರು · ಬುಧವಾರ ಬೆಳಿಗ್ಗೆ

ಹಕ್ಕಿ ಆಯಿತು, ವಾಕಿಂಗ್ ಆಯಿತು. ಬೇಲಿ ಹಾಕುವುದಕ್ಕೆ ಮುಂಚೆ ಅಲ್ಲಿಗೆ ಯಾರು ಬರುತ್ತಿದ್ದರು ಅಂತ ಒಬ್ಬರಾದರೂ ಕೇಳಿದಿರಾ?

ನಮ್ಮ ಅಜ್ಜಿ ಕೆರೆ ಅಂಚಿನಲ್ಲಿ ಹೊನಗೊನ್ನೆ ಸೊಪ್ಪು ಕಿತ್ತು ಮಾರುತ್ತಿದ್ದರು. ಪಕ್ಕದ ಮನೆಯವರು ಹಸುವಿಗೆ ಹುಲ್ಲು ಕೊಯ್ಯುತ್ತಿದ್ದರು. ಬೇಲಿ ಬಂತು, ಗೇಟ್ ಬಂತು, ಗೇಟಿಗೆ ಟೈಮ್ ಬಂತು. ವಾಕಿಂಗಿನವರಿಗೆ ಹೊಂದುವ ಟೈಮ್ ಅದು. ಹುಲ್ಲು ಕೊಯ್ಯುವವರು ಬರುವುದು ಹನ್ನೊಂದು ಗಂಟೆಗೆ, ಮನೆಗೆಲಸ ಮುಗಿಸಿ. ಆಗ ಬೀಗ. ಈಗ ನೀವು ಭಾನುವಾರ ಬಗ್ಗಿ ಬಗ್ಗಿ ಕೀಳುವ ಹುಲ್ಲನ್ನು ಆ ಹೆಂಗಸರು ದುಡ್ಡಿಲ್ಲದೆ ದಿನಾ ಕೊಯ್ಯುತ್ತಿದ್ದರು.

ಇನ್ನೊಂದು. ಕೆರೆಗಳಲ್ಲಿ ಈಗ ಹೊನಗೊನ್ನೆ ಅಂತ ಜನ ಕೀಳುವುದು ಎಷ್ಟೋ ಕಡೆ ಹೊನಗೊನ್ನೆ ಅಲ್ಲ, ಅಲಿಗೇಟರ್ ವೀಡ್. ದಕ್ಷಿಣ ಅಮೆರಿಕದ್ದು. ಒಂದೇ ಕುಲ, ನೋಡುವುದಕ್ಕೆ ಅಕ್ಕ ತಂಗಿ. ಗುರುತು ಸುಲಭ: ಹೊನಗೊನ್ನೆಯ ಬಿಳಿ ಹೂ ಎಲೆಯ ಸಂದಿಯಲ್ಲೇ ಅಂಟಿಕೊಂಡಿರುತ್ತದೆ. ಇನ್ನೊಂದರ ಹೂವಿಗೆ ಉದ್ದ ತೊಟ್ಟು. ಯಾವುದೇ ಆಗಲಿ, ಕೊಳಚೆ ಸೇರುವ ಕೆರೆಯ ಸೊಪ್ಪನ್ನು ತಿನ್ನಬೇಡಿ. ಸೀಸ, ಕ್ಯಾಡ್ಮಿಯಂ ಥರದ ಲೋಹ ಎಲೆಯಲ್ಲಿ ಸೇರಿಕೊಳ್ಳುತ್ತದೆ. ಅಜ್ಜಿ ಇದ್ದಿದ್ದರೆ ನಂಬುತ್ತಿರಲಿಲ್ಲ.

ಏರಿ ಮೇಷ್ಟ್ರು · ಬುಧವಾರ ಬೆಳಿಗ್ಗೆ

ತಾಯಿ, ಇಡೀ ಚರ್ಚೆಯಲ್ಲಿ ಬೇಕಾದ ಮಾತು ಇದು.

ಯಲಹಂಕ ಎಕ್ಸ್‌ಪ್ರೆಸ್ · ಬುಧವಾರ ರಾತ್ರಿ

ಜೌಗು ಏನು ಕೆಲಸ ಮಾಡುತ್ತದೆ ಅಂತ ಸಂಘದವರಿಗೆ ತೋರಿಸಬೇಕಾದರೆ ಜಕ್ಕೂರಿಗೆ ಕರೆದುಕೊಂಡು ಬನ್ನಿ. ಸುಮಾರು 160 ಎಕರೆಯ ಕೆರೆ. ಮೇಲ್ಭಾಗದಲ್ಲಿ ಜಲಮಂಡಳಿಯ ಕೊಳಚೆ ಶುದ್ಧೀಕರಣ ಘಟಕ ಇದೆ, ಮೊದಲು ಕಟ್ಟಿದಾಗ ದಿನಕ್ಕೆ 1 ಕೋಟಿ ಲೀಟರಿನದ್ದು. ಅಲ್ಲಿಂದ ಹೊರಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ತುಂಬಿದ ಜೌಗಿನಲ್ಲಿ ನಿಧಾನಕ್ಕೆ ಹರಿಯುತ್ತದೆ. ಗಸಿ ಅಲ್ಲೇ ಕೂರುತ್ತದೆ, ಉಳಿದ ಸತ್ವವನ್ನು ಗಿಡ ಎಳೆದುಕೊಳ್ಳುತ್ತದೆ, ಆಮೇಲೆ ಕೆರೆ. ಅಲ್ಲಿ ಮೀನುಗಾರರೂ ಇದ್ದಾರೆ, ನಾಗರಿಕರ ಗುಂಪೂ ಇದೆ.

ಜೊಂಡು ಅಂತ ಬಿಟ್ಟು ಕೂರುವ ಹಾಗೂ ಇಲ್ಲ, ಅದನ್ನೂ ಹೇಳಬೇಕು. ಆಗಾಗ ಕೊಯ್ದು ಹೊರಗೆ ಹಾಕಬೇಕು. ಇಲ್ಲದಿದ್ದರೆ ಅದೇ ಕೊಳೆತು, ಹೀರಿದ್ದೆಲ್ಲ ಮತ್ತೆ ನೀರಿಗೆ ಬರುತ್ತದೆ. ನಿಮ್ಮ ಮೂಲೆಯನ್ನು ಯಾರಾದರೂ ಕೊಯ್ಯುತ್ತಾರಾ?

ಹೊಂಗೆ ನೆರಳು · ಬುಧವಾರ ರಾತ್ರಿ

ಇಲ್ಲ. ನಾಲ್ಕು ವರ್ಷದಲ್ಲಿ ಒಂದು ಸಲವೂ ಇಲ್ಲ. "ಖಾಲಿ ಬಿದ್ದಿದೆ" ಅನ್ನುವವರ ಮಾತಿನಲ್ಲೂ ಸ್ವಲ್ಪ ಹುರುಳಿದೆ ಅಂತಾಯಿತು.

ಅರಾವಳಿಯಲ್ಲಿ ಕನ್ನಡಿಗ · ಗುರುವಾರ ಬೆಳಿಗ್ಗೆ

ನಾನು ಗುರುಗ್ರಾಮದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಅರಾವಳಿ ಜೀವವೈವಿಧ್ಯ ಉದ್ಯಾನದಲ್ಲಿ ಭಾನುವಾರ ಕೈಜೋಡಿಸುತ್ತಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಅದು ಕಲ್ಲು ಗಣಿ ಮಾಡಿ ಬಿಟ್ಟ ಗುಡ್ಡ. 2010ರಲ್ಲಿ ನಾಗರಿಕರ ಗುಂಪು ಮತ್ತು ನಗರಪಾಲಿಕೆ ಸೇರಿ ಕೆಲಸ ಶುರು ಮಾಡಿದರು. ಅಲ್ಲಿಯೂ ಕಂಪನಿಗಳು ಬಂದವು. ಆದರೆ ಸಸಿ ಹಿಡಿದುಕೊಂಡು ಬರುವ ಹಾಗಿರಲಿಲ್ಲ. ಉದ್ಯಾನದವರೇ ಅರಾವಳಿಯ ಉಳಿದ ಕಾಡುಗಳಿಂದ ಬೀಜ ಆರಿಸಿ ತಂದು ಸ್ವಂತ ನರ್ಸರಿ ಮಾಡಿದರು. ಕಂಪನಿಗಳಿಗೆ ಇಂತಿಷ್ಟು ಜಾಗ ಅಂತ ಗುರುತು ಮಾಡಿ, ದುಡ್ಡು ಕೊಡಿ, ಏನು ನೆಡಬೇಕು ಅನ್ನುವುದನ್ನು ನಮಗೆ ಬಿಡಿ ಅಂದರು. 2022ರಲ್ಲಿ ಅದಕ್ಕೆ ಒಂದು ಮಾನ್ಯತೆ ಸಿಕ್ಕಿತು. ಅಭಯಾರಣ್ಯ ಅಲ್ಲದಿದ್ದರೂ ಜೀವವೈವಿಧ್ಯ ಉಳಿಸುವ ಜಾಗ ಅಂತ ದೇಶದಲ್ಲೇ ಮೊದಲು ಗುರುತಿಸಿದ್ದು ಅದನ್ನು.

ನಿಮ್ಮ ಕಂಪನಿಗೆ ಬೇಡ ಅನ್ನಬೇಡಿ. ಬೇರೆ ಏನಾದರೂ ಕೇಳಿ.

ಲೆಕ್ಕದ ಪುಸ್ತಕ · ಗುರುವಾರ ಮಧ್ಯಾಹ್ನ

ಇದು ನನ್ನ ಕೆಲಸದ ವಿಷಯ. ಒಂದು ಮಿತಿಗಿಂತ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಹೋಗಿ ಕೇಳಿದರೆ ಏನನ್ನುತ್ತಾರೆ? "ಬಜೆಟ್ ಮಾರ್ಚ್‌ಗೆ ಮುಗಿಯಬೇಕು ಮೇಡಂ, ಮುಂದಿನ ವರ್ಷದ ನೀರಿಗೆಲ್ಲ ದುಡ್ಡು ಎತ್ತಿಡೋಕಾಗಲ್ಲ." ಅದು ಪೂರ್ತಿ ಸರಿಯಲ್ಲ. ಮುಂದುವರಿಯುವ ಯೋಜನೆ ಅಂತ ಅವರ ಆಡಳಿತ ಮಂಡಳಿ ಒಪ್ಪಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ 3 ವರ್ಷದವರೆಗೆ ಎಳೆಯಬಹುದು. ಉಳಿದ ದುಡ್ಡನ್ನು ಬೇರೆ ಬ್ಯಾಂಕ್ ಖಾತೆಯಲ್ಲಿ ಇಡಬೇಕು ಅಷ್ಟೇ. ಈ ಒಂದು ಸಾಲು ನೆನಪಿಟ್ಟುಕೊಂಡು ಹೋಗಿ, ಮಾತಿನ ಧಾಟಿಯೇ ಬದಲಾಗುತ್ತದೆ.

ಸಾವಿರ ಸಸಿ ಬದಲು ನೂರು ಸಸಿ, 3 ಬೇಸಿಗೆಯ ನೀರು, ಒಬ್ಬ ಮಾಲಿಯ ಸಂಬಳ. ಲೆಕ್ಕ ಹಾಕಿ ಒಂದು ಹಾಳೆಯಲ್ಲಿ ಕೊಡಿ. ಅವರಿಗೆ ಹಾಳೆ ಬೇಕು.

ತುರಹಳ್ಳಿ ಗಾಳಿ · ಗುರುವಾರ ಸಂಜೆ

2021ರಲ್ಲಿ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಅಂತ ಅರಣ್ಯ ಇಲಾಖೆ ಹೊರಟಾಗ ನಾವೂ ಬೋರ್ಡ್ ಹಿಡಿದು ನಿಂತಿದ್ದೆವು. ಕಾಡಿಗೆ ಮತ್ತೆ ಪಾರ್ಕ್ ಯಾಕೆ ಅಂತ. ಅಲ್ಲಿ ಗೆದ್ದಿದ್ದು ಜನ ಜಾಸ್ತಿ ಇದ್ದಿದ್ದರಿಂದ. ಹನ್ನೆರಡು ಜನ ಇರುವ ನೀವು ಹಾಳೆಯಿಂದಲೇ ಗೆಲ್ಲಬೇಕು ಅನ್ನಿಸುತ್ತದೆ.

ನೂರು ಸಸಿ ಅಂದರಲ್ಲ, ಪಟ್ಟಿಯನ್ನು ನೀವೇ ಕೊಡಿ. ಕಂಪನಿಗೆ ಬಿಟ್ಟರೆ ನರ್ಸರಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು ತರುತ್ತಾರೆ. ನೀರಿನ ಹತ್ತಿರದ ಗಟ್ಟಿ ನೆಲಕ್ಕೆ ಹೊಳೆಮತ್ತಿ, ನೇರಳೆ, ಹೊಂಗೆ. ರಸ್ತೆ ಬದಿಯ ಬೇಲಿಗುಂಟ ಕಕ್ಕೆ, ಮುತ್ತುಗ, ಬಿಲ್ವ, ಕರಿಬೇವು. ಕಕ್ಕೆ, ಕರಿಬೇವಿನ ಮೇಲೆ ಚಿಟ್ಟೆ ಮೊಟ್ಟೆ ಇಡುತ್ತವೆ, ಎಲೆ ತೂತಾದರೆ ಔಷಧಿ ಹೊಡೆಯಬೇಡಿ ಅಂತ ಮಾಲಿಗೆ ಮೊದಲೇ ಹೇಳಿ. ಎಕ್ಕದ ಗಿಡ ತಾನಾಗಿ ಬಂದಿದ್ದರೆ ಕೀಳಬೇಡಿ. ಸುಬಾಬುಲ್ ಉಚಿತವಾಗಿ ಕೊಟ್ಟರೂ ಬೇಡ.

ಲಂಟಾನ ಇದೆಯಾ? ಮೇಲೆ ಕತ್ತರಿಸಿದರೆ ಎರಡು ಪಟ್ಟು ಚಿಗುರುತ್ತದೆ. ಬುಡದ ಹತ್ತಿರ ಮಣ್ಣು ಕೆದಕಿ, ನೆಲದಿಂದ ಎರಡು ಮೂರು ಬೆರಳು ಕೆಳಗೆ ತಾಯಿಬೇರು ಕಡಿಯಬೇಕು. ಕಿತ್ತ ಗಿಡವನ್ನು ಬುಡ ಮೇಲಾಗಿ ಒಣಗಲು ಬಿಡಿ. ಪಾರ್ಥೇನಿಯಂ ಹೂ ಬಿಡುವ ಮುಂಚೆ, ಮಳೆ ಬಂದ ಮರುದಿನ, ಕೈಗವಸು ಹಾಕಿಕೊಂಡು. ನನಗೆ ಒಂದು ಸಲ ಕೈ ಪೂರ್ತಿ ಗಂಧೆ ಎದ್ದಿತ್ತು. ಜೊಂಡಿಗೆ ಇಳಿಯುವವರಿಗೆ ಗಂಬೂಟು ಕಡ್ಡಾಯ. ನೀರುಹಾವಿಗೆ ವಿಷ ಇಲ್ಲ, ಆದರೆ ದಂಡೆಯ ಒಣ ಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದು.

ಅಂಕಿ ಸಂಖ್ಯೆ · ಗುರುವಾರ ರಾತ್ರಿ

ದೀಪಕ್ಕೆ ಉತ್ತರ ಯಾರೂ ಕೊಡಲಿಲ್ಲ.

ಗುಳುಮುಳುಕ · ಗುರುವಾರ ರಾತ್ರಿ

ಕೊಡುತ್ತೇನೆ. ರಸ್ತೆ ಕಡೆಯ ಒಂದೇ ಬದಿಗೆ ಹಾದಿ ಮತ್ತು ದೀಪ. ಎದೆಯುದ್ದದ ಕಂಬ, ಬೆಳಕು ಕೆಳಗೆ ಮಾತ್ರ ಬೀಳುವ ಹಾಗೆ ಮುಚ್ಚಳ, ಬಿಳಿ ಅಲ್ಲ ಹಳದಿ ಬೆಳಕು, ಗೇಟ್ ಮುಚ್ಚಿದ ಮೇಲೆ ಆರಿಸಬೇಕು. ಜೌಗಿನ ಬದಿಗೆ ಹಾದಿಯೂ ಬೇಡ, ದೀಪವೂ ಬೇಡ. ಕೆರೆ ಸುತ್ತ ಪೂರ್ತಿ ಸುತ್ತಲೇಬೇಕು ಅಂತ ಏನಿದೆ? ಹೋಗಿ ತಿರುಗಿ ಬಂದರೂ ಅಷ್ಟೇ ಹೆಜ್ಜೆ ಆಗುತ್ತದೆ. ಇದು ನಾನು ಬಿಟ್ಟುಕೊಟ್ಟಿದ್ದು ಅಂತ ಬರೆದಿಟ್ಟುಕೊಳ್ಳಿ.

ಅಂಕಿ ಸಂಖ್ಯೆ · ಗುರುವಾರ ರಾತ್ರಿ

ಬರೆದುಕೊಂಡೆ.

ಹೊಂಗೆ ನೆರಳು · ಮೂರು ವಾರದ ನಂತರ, ಶನಿವಾರ

ಎಲ್ಲರೂ ಕೇಳುತ್ತಿದ್ದಿರಿ, ಆಗಿದ್ದು ಇಷ್ಟು.

ಹಾಳೆ ಮಾಡಿದೆವು, ಎರಡು ಪುಟ. ಪಾಲಿಕೆಯ ಎಂಜಿನಿಯರ್ ಬಳಿ ಹೋದೆವು. ಇಂಥ ಯೋಜನೆ ಅವರ ಮೇಜಿಗೆ ಬಂದೇ ಇರಲಿಲ್ಲ! ಅಲ್ಲಿಗೆ ಸಾವಿರ ಸಸಿಯ ಕತೆ ಅರ್ಧ ಮುಗಿಯಿತು. ಕಂಪನಿಯವರ ಜೊತೆ ಎರಡು ಸಲ ಕೂತೆವು. ಮುಂದುವರಿಯುವ ಯೋಜನೆ ಅಂದ ತಕ್ಷಣ ಆ ಹುಡುಗಿ ಪೆನ್ನು ತೆಗೆದಳು. ಲೆಕ್ಕದ ಪುಸ್ತಕ ಅವರಿಗೆ ದೊಡ್ಡ ನಮಸ್ಕಾರ.

ಜೌಗು ಉಳಿಯಿತು. 120 ಸಸಿ, ರಸ್ತೆ ಬದಿಗೆ ಮತ್ತು ಉತ್ತರದ ಗಟ್ಟಿ ನೆಲಕ್ಕೆ. ಮಾಲಿಯ ಸಂಬಳ ಎರಡು ವರ್ಷಕ್ಕೆ ಒಪ್ಪಿದರು, ಮೂರನೆಯದಕ್ಕೆ ನೋಡೋಣ ಅಂದರು. ಹಾದಿ ಒಂದೇ ಬದಿಗೆ. ದೀಪದ ಬಣ್ಣದ ಬಗ್ಗೆ ಸಂಘದ ಅಧ್ಯಕ್ಷರು ಇನ್ನೂ ಮುನಿಸಿಕೊಂಡಿದ್ದಾರೆ, ಹಳದಿ ಬೆಳಕು ಅವರಿಗೆ ಹಳೇ ಕಾಲದ್ದು ಅನ್ನಿಸುತ್ತದಂತೆ. ಪರಿಸರ ದಿನಕ್ಕೆ ಫೋಟೊ ಬೇಕೇ ಬೇಕು ಅಂದರು. ತೆಗೆಸಿಕೊಳ್ಳಿ, ಆದರೆ ಪ್ಲಾಸ್ಟಿಕ್ ಚೀಲ ಎಣಿಸಿ ವಾಪಸ್ ಕೊಡಬೇಕು ಅಂದೆವು. 120 ಸಸಿ, 120 ಚೀಲ.

ಸೋತಿದ್ದು ಗೇಟಿನ ಟೈಮಿನಲ್ಲಿ. ಮಧ್ಯಾಹ್ನ ತೆರೆಯುವುದಕ್ಕೆ ಕಾವಲಿನವರಿಲ್ಲ ಅನ್ನುತ್ತಾರೆ. ಸದ್ಯಕ್ಕೆ ಬುಧವಾರ ಮತ್ತು ಶನಿವಾರ ಹನ್ನೊಂದರಿಂದ ಒಂದರವರೆಗೆ ನಮ್ಮಲ್ಲೊಬ್ಬರು ಬೀಗದ ಕೈ ತಂದು ಕೂರುತ್ತೇವೆ. ಇವತ್ತು ಮೊದಲ ದಿನ. ಇಬ್ಬರು ಹೆಂಗಸರು ಹುಲ್ಲಿಗೆ ಬಂದರು. ಅವರಲ್ಲಿ ಒಬ್ಬರು ಜೊಂಡು ಕೊಯ್ಯುವುದನ್ನು ತೋರಿಸಿದರು, ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ. ನಾವು ಹಿಡಿದಿದ್ದ ಕುಡುಗೋಲು ನೋಡಿ ನಕ್ಕರು. ಹಲ್ಲೇ ಇಲ್ಲವಂತೆ ಅದಕ್ಕೆ.

ನಾಳೆ ಬೆಳಿಗ್ಗೆ ಆರೂವರೆಗೆ ಜೌಗಿನ ಹತ್ತಿರ. ಒಂದು ಪಟ್ಟಿ ಮಾತ್ರ ಕೊಯ್ಯುತ್ತೇವೆ, ಗೂಡು ಇರುವ ಕಡೆಗೆ ಗುಳುಮುಳುಕ ಅವರು ಕೆಂಪು ಬಟ್ಟೆ ಕಟ್ಟಿರುತ್ತಾರೆ.

ಸೊಪ್ಪಿನ ಸಾರು · ಶನಿವಾರ ರಾತ್ರಿ

ಹಲ್ಲಿರುವ ಕುಡುಗೋಲು ನಮ್ಮ ಮನೆಯಲ್ಲಿ ಎರಡಿವೆ, ಅಜ್ಜಿಯವು. ತರುತ್ತೇನೆ. ವಾಪಸ್ ಬೇಕು.

ಅಂಕಿ ಸಂಖ್ಯೆ · ಶನಿವಾರ ರಾತ್ರಿ

ನಾನೂ ಅಪ್ಪನನ್ನು ಕರೆದುಕೊಂಡು ಬರುತ್ತೇನೆ, ನಿಮ್ಮ ಕೆರೆ ನಮ್ಮ ಮನೆಯಿಂದ ದೂರವೇನಲ್ಲ ಅಂತ ಈಗ ಅಂದಾಜಾಯಿತು. ಬೈಕ್ ಬರದಿರಲಿ ಅಂತ ಗೇಟಿನಲ್ಲಿ ಕಲ್ಲು ನೆಟ್ಟಿರುತ್ತಾರಲ್ಲ, ನಿಮ್ಮಲ್ಲಿ ಎರಡು ಕಲ್ಲಿನ ನಡುವೆ ಎಷ್ಟು ಜಾಗ ಇದೆ? ಗಾಲಿಕುರ್ಚಿಗೆ 32 ಇಂಚಾದರೂ ಬೇಕು.

ಹೊಂಗೆ ನೆರಳು · ಶನಿವಾರ ರಾತ್ರಿ

ಅಳೆದಿಲ್ಲ. ಬೆಳಿಗ್ಗೆ ಆರಕ್ಕೆ ಹೋಗಿ ಅಳೆದು ಫೋನ್ ಮಾಡುತ್ತೇನೆ. ಸಾಲದಿದ್ದರೆ ಹಾರೆ ಇದೆ.